ಕೊಲೆಗಾರನಿಗಿಂತ ಗಡಿಯಾರದ ಹಿಂದೆಯೇ ಜಾಸ್ತಿ ಓಡಿದೆ

‘ಡೆಡ್ಲಿ ಪ್ರಿಮೊನಿಷನ್ 2’ ಎಂಬ ವಿಡಿಯೋ ಗೇಮನ್ನು ಮೊದಲ ಸಲ ಅರ್ಧಕ್ಕೇ ಬಿಟ್ಟಿದ್ದೆ. ಎರಡನೇ ಸಲ ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮುಗಿಸಿದೆ.

2010ರಲ್ಲಿ ಬಂದ ಮೊದಲ ಆಟ ನನಗೆ ಹುಚ್ಚು ಹಿಡಿಸಿತ್ತು. ಎಫ್‌ಬಿಐ ಏಜೆಂಟ್ ಯಾರ್ಕ್ ಕೊಲೆಯ ತನಿಖೆಗೆ ಹೊರಟು, ದಾರಿಯುದ್ದಕ್ಕೂ ಕಣ್ಣಿಗೆ ಕಾಣದ ಝ್ಯಾಕ್ (ಯಾರ್ಕ್‌ನ ದೇಹದೊಳಗೇ ಇರುವ ಇನ್ನೊಂದು ವ್ಯಕ್ತಿತ್ವ) ಜೊತೆ ಹಳೇ ಸಿನಿಮಾಗಳ ಬಗ್ಗೆ ಹರಟುತ್ತಾನೆ. ಆ ಹರಟೆಗಾಗಿಯೇ 2020ರ ಜುಲೈನಲ್ಲಿ ನಿಂಟೆಂಡೊ ಸ್ವಿಚ್ ಕನ್ಸೋಲ್‌ಗೆ ಎರಡನೇ ಭಾಗ ಬಂದಾಗ ಹಿಂದೆಮುಂದೆ ನೋಡದೆ ಕೊಂಡೆ.

ಶುರು ಸಖತ್ತಾಗಿದೆ. 2019, ಬೋಸ್ಟನ್. ಈಗ ಆ ದೇಹ ಝ್ಯಾಕ್‌ನದು; ಒಂದು ಅಪಾರ್ಟ್‌ಮೆಂಟಿನಲ್ಲಿ ಕಾಯಿಲೆಯ ಝ್ಯಾಕ್ ಕೂತಿದ್ದಾನೆ. ಏಜೆಂಟ್ ಅಲಿಯಾ ಡೇವಿಸ್ ಬಂದು ಹಳೇ ಕೇಸು ಕೆದಕುತ್ತಾಳೆ. ಅಲ್ಲಿಂದ ಕಥೆ 2005ಕ್ಕೆ, ಲೂಯಿಸಿಯಾನಾದ ಲೆ ಕ್ಯಾರೆ ಎಂಬ ಕಾಲ್ಪನಿಕ ಊರಿಗೆ ಹೋಗುತ್ತದೆ. ಕೊಲೆ, ಸೇಂಟ್ ರೂಜ್ ಎಂಬ ಮಾದಕವಸ್ತು, ಬಾಯಿಬಡುಕಿ ಹುಡುಗಿ ಪ್ಯಾಟಿ. ಯಾರ್ಕ್ ಬಳಿ ಈ ಸಲ ಕಾರಿಲ್ಲ. ಎಫ್‌ಬಿಐ ಏಜೆಂಟ್ ಸ್ಕೇಟ್‌ಬೋರ್ಡ್ ಮೇಲೆ ಊರು ಸುತ್ತುತ್ತಾನೆ!

ಬೀದಿಗೆ ಇಳಿದ ತಕ್ಷಣ ಆಟ ಏದುಸಿರು ಬಿಡುತ್ತದೆ. ಸ್ಕೇಟ್‌ಬೋರ್ಡ್ ವೇಗ ಹಿಡಿದ ಹಾಗೆಲ್ಲ ಚಿತ್ರ ತುಂಡು ತುಂಡಾಗಿ ಜಗ್ಗುತ್ತದೆ. ತಿರುವು ಬಂತು ಅಂತ ಕಣ್ಣಿಗೆ ಕಾಣುವಷ್ಟರಲ್ಲಿ ನಾನು ಗೋಡೆಗೆ ಗುದ್ದಿರುತ್ತಿದ್ದೆ. ಕಟ್ಟಡದ ಒಳಗೆ ಹೋದರೆ ಮತ್ತೆ ಲೋಡಿಂಗ್. ನಾನು ಕಂಡುಕೊಂಡ ಉಪಾಯ ಸಣ್ಣದು: ಓಡಿಸುವಾಗ ಕ್ಯಾಮೆರಾವನ್ನು ನೆಲದ ಕಡೆ ಬಗ್ಗಿಸುವುದು. ದೂರದ ಊರು ಪರದೆಯ ಮೇಲೆ ಕಾಣದಿದ್ದರೆ ಯಂತ್ರಕ್ಕೆ ಬಿಡಿಸುವ ಕೆಲಸ ಕಮ್ಮಿ, ಅಲ್ವಾ? ಜಗ್ಗುವುದು ಪೂರ್ತಿ ಹೋಗಲಿಲ್ಲ. ಗುದ್ದುವುದು ಮಾತ್ರ ಕಮ್ಮಿಯಾಯಿತು. ಊರು ನೋಡಲೆಂದೇ ಇರುವ ಆಟದಲ್ಲಿ ಟಾರು ನೋಡುತ್ತಾ ಓಡಾಡಿದೆ ಅನ್ನುವುದು ಬೇರೆ ಮಾತು.

ಮೊದಲ ಸಲ ನನ್ನನ್ನು ಓಡಿಸಿದ್ದು ಈ ಜಗ್ಗಾಟ ಅಲ್ಲ, ಕಾಯುವಿಕೆ. ಈ ಊರಿಗೆ ತನ್ನದೇ ಗಡಿಯಾರವಿದೆ. ಯಾರು ಎಷ್ಟು ಹೊತ್ತಿಗೆ ಎಲ್ಲಿ ಸಿಗುತ್ತಾರೆ ಅನ್ನುವುದಕ್ಕೆ ಲೆಕ್ಕವಿದೆ. ನಾನು ನೇರ ಕೇಸಿನ ಹಿಂದೆ ಬೀಳುತ್ತಿದ್ದೆ. ಹೋದರೆ ಬಾಗಿಲು ಮುಚ್ಚಿರುತ್ತಿತ್ತು. ವಾಪಸ್ ಹೋಟೆಲ್, ನಿದ್ದೆ, ಹಸಿವು, ಮತ್ತೆ ಸ್ಕೇಟ್‌ಬೋರ್ಡ್. ಒಮ್ಮೆ ಒಬ್ಬನನ್ನು ಮಾತಾಡಿಸಲು ಮೂರು ಸಲ ಊರ ಆಚೆ ತುದಿಗೆ ಹೋಗಿ ಬಂದೆ. ನಾಲ್ಕನೇ ಸಲ ಕನ್ಸೋಲ್ ಆಫ್ ಮಾಡಿದೆ.

ಎರಡನೇ ಸಲ ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಒಬ್ಬರಂತೆ ಹೆಸರು ಬರೆದೆ. ಸಿಕ್ಕ ಜಾಗ, ಸಿಕ್ಕ ಹೊತ್ತು, ಸಿಗದೇ ಹೋದ ಹೊತ್ತು. ಸಿಗದ ಹೊತ್ತೇ ಹೆಚ್ಚು ಕೆಲಸಕ್ಕೆ ಬಂತು. ‘ರಾತ್ರಿ 9, ಬಾಗಿಲು ಹಾಕಿದೆ, ಮತ್ತೆ ಬರಬೇಡ’ ಅಂತ ನನಗೆ ನಾನೇ ಬೈದುಕೊಂಡ ಸಾಲುಗಳೂ ಇವೆ. ಒಂದೇ ದಿಕ್ಕಿನ ನಾಲ್ಕು ಕೆಲಸ ಕೂಡಿಸಿಟ್ಟುಕೊಂಡು ಆಮೇಲೆ ಹೊರಡುತ್ತಿದ್ದೆ. ಕಾಯಬೇಕಾದಾಗ ಆಟದೊಳಗೇ ಬೌಲಿಂಗ್ (ಚೆಂಡು ಉರುಳಿಸಿ ಪಿನ್ ಬೀಳಿಸುವುದು). ಸುಮ್ನೆ ಅಲೆಯುವಾಗ ಯಾರ್ಕ್ ಝ್ಯಾಕ್‌ಗೆ ಹೇಳುವ ಕಥೆಗಳನ್ನು ಆಗ ಪೂರ್ತಿ ಕೇಳಿಸಿಕೊಂಡೆ. ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ.

ಬರವಣಿಗೆಯಲ್ಲೂ ತಪ್ಪುಗಳಿವೆ. ಒಬ್ಬ ಟ್ರಾನ್ಸ್‌ಜೆಂಡರ್ ಪಾತ್ರವನ್ನು ನಡೆಸಿಕೊಂಡ ರೀತಿಗೆ ನಿರ್ದೇಶಕ ಸ್ವೆರಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ದೃಶ್ಯಗಳನ್ನು ತಿದ್ದಿ ಬರೆದರು. ತಿದ್ದಿದ್ದು ಸರಿ. ಆದರೂ ಆ ಭಾಗ ಆಡುವಾಗ ನನಗೆ ಇರುಸುಮುರುಸಾಯಿತು.

ಮತ್ತೆ ಮತ್ತೆ ಹೋಗಬೇಕು ಅನಿಸುವುದು ಬೋಸ್ಟನ್ನಿನ ಆ ಕೋಣೆಗೆ. ಅಲ್ಲಿ ಓಡಾಟವಿಲ್ಲ, ಗುಂಡಿನ ಸದ್ದಿಲ್ಲ. ಡೇವಿಸ್ ಕೇಳುತ್ತಾಳೆ, ಝ್ಯಾಕ್ ಜಾರಿಕೊಳ್ಳುತ್ತಾನೆ. ಇಡೀ ಆಟ ಆ ಕೋಣೆಯಲ್ಲೇ ನಡೆದಿದ್ದರೂ ನಾನು ಕೂತು ಆಡುತ್ತಿದ್ದೆ.

2022ರಲ್ಲಿ ಪಿಸಿಗೂ ಬಂತು. ನಾನಿನ್ನೂ ಸ್ವಿಚ್‌ನಲ್ಲೇ ಇದ್ದೇನೆ. ಕೊಲೆಗಾರ ಸಿಕ್ಕಾಯಿತು, ಸ್ಕೇಟ್‌ಬೋರ್ಡಿನ ಎರಡು ಟ್ರಿಕ್ ಬಾಕಿ ಇವೆ.