ಸವೆದ ವೀರಗಲ್ಲಿನ ಪಾಠವನ್ನು ಓದಿದ ಬಗೆ: ನನ್ನ ಅನುಭವ

"ಅಕ್ಷರಗಳು ಸಂಪೂರ್ಣ ಸವೆದಿವೆ" ಎಂದು ಹಳೆಯ ಪಟ್ಟಿಯೊಂದು ಷರಾ ಬರೆದು ಕೈಬಿಟ್ಟಿದ್ದ ವೀರಗಲ್ಲಿನಿಂದ ನಾಲ್ಕು ಸಾಲುಗಳ ಪಾಠ ಈಗ ದೊರಕಿದೆ. ಪಡಿಯಚ್ಚಿನಲ್ಲಿ (ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ತೆಗೆಯುವ ಅಚ್ಚಿನಲ್ಲಿ) ಮೂಡದ ಅಕ್ಷರವು ಕಂಪ್ಯೂಟರಿನಲ್ಲಿ ಮೂಡಿದರೆ ಅದು ಕಂಪ್ಯೂಟರ್ ಹುಟ್ಟಿಸಿದ ಅಕ್ಷರವೇ ಹೊರತು ಕಲ್ಲಿನದಲ್ಲ ಎಂದು ವಾದಿಸುತ್ತಿದ್ದ ಹಿರಿಯರೂ ಈ ಪಾಠವನ್ನು ಒಪ್ಪಿದ್ದಾರೆ. ಆದ್ದರಿಂದ ಮಾಡಿದ್ದನ್ನು ಮಾಡಿದಂತೆಯೇ ಬರೆದಿಡುತ್ತಿದ್ದೇನೆ. ನಾನು ಬಳಸಿದ್ದು ಫೋಟೊಗ್ರಾಮೆಟ್ರಿ, ಅಂದರೆ ಹಲವು ಕಡೆಯಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕಲ್ಲಿನ ಮೂರು ಆಯಾಮದ ಮಾದರಿಯನ್ನು ಕಟ್ಟುವ ವಿಧಾನ.

ಊರ ಬದಿಯ ಒಂದು ಕಲ್ಲಿಗಾಗಿ ಇಷ್ಟು ಹಟವೇಕೆ ಎಂದು ಕೇಳಿದವರಿದ್ದಾರೆ. ಬೇಗೂರಿನ ಸುಮಾರು 890ರ ವೀರಗಲ್ಲು "ಬೆಂಗಳೂರ ಕಾಳಗ"ವನ್ನು ಹೆಸರಿಸಿದ್ದರಿಂದಲೇ, ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕಥೆಗಿಂತ ಮುನ್ನೂರು ವರ್ಷ ಮೊದಲೇ ಆ ಹೆಸರು ಬಳಕೆಯಲ್ಲಿತ್ತೆಂದು ತಿಳಿಯಿತು. 2018ರಲ್ಲಿ ಹೆಬ್ಬಾಳದಲ್ಲಿ ಅಗೆಯುವಾಗ ಸಿಕ್ಕ ಕಿತ್ತಯ್ಯನ ಕಲ್ಲು ಅದಕ್ಕೂ ಹಿಂದಿನದು, ಸುಮಾರು 750ರ, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಸನ್ನತಿಯಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವಾಗಿತ್ತು. ಹಲ್ಮಿಡಿಯದೇ ಮೊದಲ ಕನ್ನಡ ಶಾಸನವೆಂದು ಕಲಿತ ನಾವು, ತಾಳಗುಂದದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ (ಸಿಂಹದ ಕೆತ್ತನೆಯ ಕಟಕಟೆಯ) ಶಾಸನವನ್ನು 370ರದ್ದೆಂದು ನಿರ್ಣಯಿಸಿದ ಮೇಲೆ ಪಾಠವನ್ನೇ ತಿದ್ದಿಕೊಳ್ಳಬೇಕಾಯಿತು. ಇವೆಲ್ಲವೂ ಜನರ ಕಣ್ಣೆದುರಿನಲ್ಲೋ ಕಾಲಡಿಯಲ್ಲೋ ಇದ್ದ ಕಲ್ಲುಗಳೇ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಒಂಬತ್ತು ಸಾವಿರದಷ್ಟು ಶಾಸನಗಳನ್ನು ಕೊಟ್ಟಿವೆಯೆಂದರೆ, ಅವುಗಳ ಆಚೆ ಓದದೆ ಉಳಿದ ಕಲ್ಲುಗಳು ಕಡಿಮೆಯಿರಲಾರವು ಎಂಬುದೇ ನನ್ನ ನಂಬಿಕೆ.

ಮೊದಲು ಸೋತ ವಿಧಾನಗಳನ್ನು ಹೇಳುತ್ತೇನೆ. ಪಡಿಯಚ್ಚಿನಲ್ಲಿ ಕಾಗದ ಚೆನ್ನಾಗಿಯೇ ಕೂತಿತು, ಆದರೆ ಮಸಿಯು ಅಕ್ಷರವನ್ನೂ ಕಲ್ಲಿನ ಒರಟನ್ನೂ ಒಂದೇ ಬಗೆಯಲ್ಲಿ ತೋರಿಸಿತು. ಹಿಟ್ಟು, ಸೀಮೆಸುಣ್ಣ ತಿಕ್ಕಿ ಓದುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತಿಕ್ಕಿದವನಿಗೆ ತಾನು ಕಾಣಬಯಸಿದ ಅಕ್ಷರವೇ ಕಾಣುತ್ತದೆ, ಕಲ್ಲಿಗೂ ಹಾನಿ. ರಾತ್ರಿ ಓರೆಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಎರಡನೆಯ ಸಾಲಿನ ಕೆಲವು ಅಕ್ಷರಗಳು ಕಂಡವು, ಬೆಳಕನ್ನು ಬೇರೆ ಕಡೆಗೆ ಹಿಡಿದಾಗ ಅವೇ ಬೇರೆ ಅಕ್ಷರಗಳಾದವು. ಹೊಳೆಯುವ ಕರಿ ಗುಂಡನ್ನಿಟ್ಟು ಆರ್‌ಟಿಐಯನ್ನೂ (ಬೇರೆಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ನೋಡುವ ವಿಧಾನವನ್ನು) ಮಾಡಿದೆ. 2005ರಲ್ಲಿ ಇದೇ ಮೂಲದ ತಂತ್ರವನ್ನೂ ಎಕ್ಸ್‌ರೇ ಸ್ಕ್ಯಾನನ್ನೂ ಬಳಸಿ ಅಥೆನ್ಸಿನಲ್ಲಿರುವ ಪ್ರಾಚೀನ ಗ್ರೀಕರ ಆಂಟಿಕಿಥೆರಾ ಯಂತ್ರದ ಬರಹವನ್ನು ಓದಿದ್ದರಿಂದ ನನಗೆ ಅದರ ಮೇಲೆ ದೊಡ್ಡ ಭರವಸೆಯಿತ್ತು. ಬಳಪದ ಕಲ್ಲಿನ ಮೇಲೆ ಅದು ಸೊಗಸಾಗಿ ಕೆಲಸ ಮಾಡುತ್ತದೆ, ಪೂಜೆಯ ಎಣ್ಣೆ ಕುಡಿದ ಈ ಗ್ರಾನೈಟ್ ಮಾತ್ರ ಎಲ್ಲ ಕೋನದಲ್ಲೂ ಮಿನುಗಿತು. ಲೇಸರ್ ಬೆಳಕಿನಿಂದ ದೂರವನ್ನಳೆಯುವ ಫೋನಿನ ಲೈಡಾರ್ ಕಲ್ಲಿನ ಆಕಾರವನ್ನು ಕೊಟ್ಟಿತೇ ಹೊರತು ಅಕ್ಷರವನ್ನಲ್ಲ. ಸ್ಕ್ಯಾನರನ್ನು ಬಾಡಿಗೆಗೆ ಕೊಡುವ ಕಡೆ ವಿಚಾರಿಸಿದರೆ ದಿನಕ್ಕೆ 20 ಸಾವಿರಕ್ಕೂ ಮಿಕ್ಕಿ ಕೇಳಿದರು.

ತೊಡಕಿನ ಮೂಲ ಇದು. ಈ ಕಲ್ಲಿನಲ್ಲಿ ಅಕ್ಷರದ ಗೀರು ಉಳಿದಿರುವುದು ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಆಳ, ಗ್ರಾನೈಟಿನ ಕಣಗಳ ಉಬ್ಬುತಗ್ಗೂ ಅಷ್ಟೇ. ಹೀಗಾಗಿ ಆಳವನ್ನು ನಂಬಿ ಏನೂ ಆಗದು. ಆದರೆ ಉಳಿಯ ಗೀರು ನಾಲ್ಕೈದು ಮಿಲಿಮೀಟರ್ ಅಗಲವಿದ್ದು ಉದ್ದಕ್ಕೆ ಹರಿಯುತ್ತದೆ, ಕಣವು ಅದಕ್ಕಿಂತ ಕಿರಿದಾಗಿದ್ದು ಅಲ್ಲಲ್ಲೇ ಮುಗಿಯುತ್ತದೆ. ಅಗಲದಿಂದ ಬೇರ್ಪಡಿಸಬೇಕು ಎಂಬುದು ಹೊಳೆದ ಮೇಲೆ ಕೆಲಸ ನೇರವಾಯಿತು. ಮೋಡದ ದಿನ ಆರಿಸಿಕೊಂಡು, 24 ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮೆರಾದಲ್ಲಿ, ಒಂದು ಪಿಕ್ಸೆಲ್ಲಿಗೆ ಕಲ್ಲಿನ ಮೇಲೆ ಸುಮಾರು 0.1 ಮಿಲಿಮೀಟರ್ ಬರುವಷ್ಟು ಹತ್ತಿರದಿಂದ, ಒಂದರ ಮೇಲೊಂದು ಮುಕ್ಕಾಲು ಪಾಲು ಹೊಂದುವಂತೆ 140ರ ಆಸುಪಾಸಿನ ಚಿತ್ರಗಳನ್ನು ತೆಗೆದೆ. ಅಳತೆಗೆ ಉಕ್ಕಿನ ಪಟ್ಟಿಗಳನ್ನು ನಾಲ್ಕು ಬದಿಗೂ ಇಟ್ಟೆ. ಮೆಶ್ (ಕಲ್ಲಿನ ಮೇಲ್ಮೈಯ ಮೂರು ಆಯಾಮದ ಮಾದರಿ) ತಯಾರಾದ ಮೇಲೆ ಅದರ ಎರಡು ನಕಲುಗಳನ್ನು ಮಾಡಿ, ಒಂದನ್ನು ಕಣಗಳು ಮಾಯವಾಗುವಷ್ಟು, ಇನ್ನೊಂದನ್ನು ಅಕ್ಷರಗಳೂ ಮಾಯವಾಗುವಷ್ಟು ನುಣುಪುಗೊಳಿಸಿ, ಎರಡರ ನಡುವಿನ ಅಂತರವನ್ನು ಕ್ಲೌಡ್‌ಕಂಪೇರ್ ಎಂಬ ತಂತ್ರಾಂಶದಲ್ಲಿ ಅಳೆದು ಬಣ್ಣ ಕೊಟ್ಟೆ. ಉಳಿದದ್ದು ಅಕ್ಷರ. ಎರಡು ನಕಲುಗಳನ್ನೂ ಎಷ್ಟೆಷ್ಟು ನುಣುಪುಗೊಳಿಸಬೇಕೆಂಬ ಅಂಕಿಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಲ್ಲಿನ ಜಾತಿಗೆ ತಕ್ಕಂತೆ ಅವು ಬದಲಾಗುತ್ತವೆ, ಹುಡುಕಿಕೊಳ್ಳುವುದು ಕಷ್ಟವೂ ಅಲ್ಲ. ಎಣ್ಣೆಯ ಮಿರುಗನ್ನು ತಗ್ಗಿಸಲು ಪೋಲರೈಸರ್ ಎಂಬ ಫಿಲ್ಟರ್ ಬಳಸಿದೆನೆಂದಷ್ಟೇ ಹೇಳಬಲ್ಲೆ.

ಇಲ್ಲಿಂದ ಸಂದೇಹದ ಕಾಲ ಶುರುವಾಯಿತು. ಬಣ್ಣದ ಚಿತ್ರವನ್ನು ಕಂಡವರು "ನೀವು ನುಣುಪು ಮಾಡುತ್ತಾ ಹೋದರೆ ಯಾವ ಬಂಡೆಯಲ್ಲೂ ಅಕ್ಷರ ಕಾಣುತ್ತದೆ" ಎಂದರು. ನ್ಯಾಯವಾದ ಆಕ್ಷೇಪವದು, ಉತ್ತರ ಕೊಡಲೇಬೇಕಿತ್ತು. ಅದೇ ಕಲ್ಲಿನ ಬರಹವಿಲ್ಲದ ಹಿಂಬದಿಯನ್ನು ಅವೇ ಅಂಕಿಗಳಲ್ಲಿ ನಡೆಸಿದೆ, ಅಲ್ಲಿ ಒಂದು ಗೀರೂ ಮೂಡಲಿಲ್ಲ. ಚಿತ್ರಗಳನ್ನು ಎರಡು ಪಾಲು ಮಾಡಿ ಬೇರೆಬೇರೆಯಾಗಿ ಕಟ್ಟಿ, ಎರಡರಲ್ಲೂ ಒಂದೇ ಜಾಗದಲ್ಲಿ ಬಂದ ಗೆರೆಗಳನ್ನು ಮಾತ್ರ ಉಳಿಸಿಕೊಂಡೆ. ಕೊನೆಗೆ, ನೂರು ವರ್ಷಕ್ಕೂ ಹಿಂದೆ ಪಾಠವು ಪುಸ್ತಕದಲ್ಲಿ ಅಚ್ಚಾಗಿ ಆಮೇಲೆ ಸವೆದಿರುವ ಇನ್ನೊಂದು ಕಲ್ಲನ್ನು ಹೀಗೆಯೇ ಮಾಡಿ, ಯಾವ ಕಲ್ಲೆಂದು ತಿಳಿಸದೆ ಶಾಸನ ಓದುವ ಇಬ್ಬರಿಗೆ ಪ್ರತ್ಯೇಕವಾಗಿ ಕೊಟ್ಟೆ. ಇಬ್ಬರ ಪಾಠವೂ ಮುಕ್ಕಾಲು ಪಾಲು ಅಚ್ಚಿನ ಪಾಠಕ್ಕೆ ಹೊಂದಿತು. ನನ್ನ ವಿಧಾನದಲ್ಲಿ ಹೆಮ್ಮೆಪಡುವ ಭಾಗ ಇದೇ.

ಕಲ್ಲಿನಲ್ಲಿ ಸಿಕ್ಕಿದ್ದೇನು? "ತುಱುಗೊಳೊಳ್" (ದನಗಳನ್ನು ಸೂರೆ ಹೊಡೆಯುವ ಕಾಳಗದಲ್ಲಿ) ಕಾದಿ ಸತ್ತವನೊಬ್ಬನ ಹೆಸರು, ಅವನ ಮನೆಯವರಿಗೆ ಕಲ್ನಾಡು (ಸತ್ತ ವೀರನಿಗಾಗಿ ಕೊಡುವ ಭೂಮಿ) ಬಿಟ್ಟ ಸಂಗತಿ, ಆ ಭೂಮಿ "ಕೆಱೆಯ ಕೆೞಗೆ" ಇತ್ತೆಂಬ ಮಾತು. ಶಿಲ್ಪವನ್ನು ನೋಡಿ ಹೊಯ್ಸಳರ ಕಾಲದ್ದೆಂದು ತಿಳಿದಿದ್ದೆವು. ಮುಂದೆ ಬಳಕೆ ತಪ್ಪಿದ ಹಳಗನ್ನಡದ ೞಕಾರವು ತಪ್ಪಿಲ್ಲದೆ ಬಂದಿರುವುದನ್ನೂ ಅಕ್ಷರಗಳ ರೂಪವನ್ನೂ ನೋಡಿದರೆ ಕಲ್ಲು ಹತ್ತನೆಯ ಶತಮಾನಕ್ಕೆ ಹೋಗುತ್ತದೆ. ಪಾಳೆಯಗಾರರು ಕಟ್ಟಿಸಿದ್ದೆಂದು ಊರವರು ಹೇಳುವ ಕೆರೆ ಅವರಿಗಿಂತ ಐನೂರು ವರ್ಷ ಮೊದಲೇ ಗದ್ದೆಗೆ ನೀರುಣಿಸುತ್ತಿತ್ತು. ಊರಿನ ಚರಿತ್ರೆಯನ್ನು ಪಾಳೆಯಗಾರರಿಂದ ಆರಂಭಿಸುವುದು ಇನ್ನು ಸಾಧ್ಯವಿಲ್ಲ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಮತ್ತು ಲೆನ್ಸಿಗೆ 30 ಸಾವಿರ, ಹಳೆಯ ಗ್ರಾಫಿಕ್ಸ್ ಕಾರ್ಡಿಗೆ 18 ಸಾವಿರ, ಚಿತ್ರಗಳಿಂದ ಮಾದರಿ ಕಟ್ಟುವ ತಂತ್ರಾಂಶಕ್ಕೆ 15 ಸಾವಿರದ ಹತ್ತಿರ, ಹಾರ್ಡ್‌ಡಿಸ್ಕ್, ಪೋಲರೈಸರ್, ಓಡಾಟ ಸೇರಿ ಇನ್ನೊಂದು 20 ಸಾವಿರ. ಉಚಿತ ತಂತ್ರಾಂಶವಾದ ಮೆಶ್‌ರೂಮ್‌ನಲ್ಲೂ ಕಟ್ಟಿ ನೋಡಿದ್ದೇನೆ. ರಾತ್ರಿಯಿಡೀ ಹಿಡಿದರೂ ಫಲಿತಾಂಶಕ್ಕೆ ಕೊರತೆಯಿಲ್ಲ, ಹೊಸಬರು ಅದರಿಂದಲೇ ತೊಡಗಬಹುದು. ಮೂಲ ಚಿತ್ರಗಳನ್ನು ಅಳಿಸಬಾರದು. ಒಂದು ಕಲ್ಲಿಗೆ 4 ಜಿಬಿಯಷ್ಟಾದರೂ ಸರಿ, ಸಂದೇಹಪಟ್ಟವರ ಮುಂದೆ ಇಡಲು ಅವೇ ಬೇಕು.

ಸತ್ತವನ ಹೆಸರು ಮಾರನೋ ಮಾಚನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಎರಡನೆಯ ಅಕ್ಷರದ ಮೇಲೆ ಕುಂಕುಮ ಗಟ್ಟಿಯಾಗಿ ಕೂತಿದೆ. ಆ ಭಾಗಕ್ಕೆ ಎಣ್ಣೆ, ಕುಂಕುಮ ಹಚ್ಚದಿರಲು ಪೂಜಾರಿಯವರು ಒಪ್ಪಿದ್ದಾರೆ. ಮಳೆಗಾಲ ಕಳೆದ ಮೇಲೆ ಅಷ್ಟನ್ನು ಮಾತ್ರ ಇನ್ನೂ ಹತ್ತಿರದಿಂದ ತೆಗೆದು, ಮೊದಲಿನ ಇಬ್ಬರು ಓದುಗರಿಗೇ ಕಳುಹಿಸುವವನಿದ್ದೇನೆ.