ಕೀಬೋರ್ಡ್‌ನಿಂದ ಲ್ಯಾಪ್‌ಟಾಪಿಗೆ ಎರಡು ವಯರು

ಕಾಸರಗೋಡಿನ ನೀರ್ಚಾಲಿನ ನಮ್ಮ ಮನೆಗೆ ತಗಡಿನ ಮಾಡು. ಮಳೆಗಾಲದಲ್ಲಿ ಮೊಬೈಲ್ ಎದುರಿಟ್ಟು ಏನು ರೆಕಾರ್ಡ್ ಮಾಡಿದರೂ ಮಳೆಯದ್ದೇ ಸದ್ದು. ಭಜನಾ ಮಂಡಳಿಯವರಿಗೆ ಮನೆಯಲ್ಲಿ ಅಭ್ಯಾಸ ಮಾಡಲು ಹಿನ್ನೆಲೆ ಸಂಗೀತ ಬೇಕಿತ್ತು. ಹಾಗಾಗಿ ನಾನು ನುಡಿಸುವ ಕೀಬೋರ್ಡನ್ನು ನೇರ ಲ್ಯಾಪ್‌ಟಾಪಿಗೆ ಜೋಡಿಸಲು ಕೂತೆ.

ಮೊದಲ ರಾತ್ರಿ ಯುಎಸ್‌ಬಿ ವಯರಿನಲ್ಲೇ ಕಳೆಯಿತು. ಕೀಬೋರ್ಡಿನ ಹಿಂದೆ ಪ್ರಿಂಟರಿಗೆ ಇರುವಂಥದ್ದೇ ಚೌಕದ ತೂತು ಇದೆ. ವಯರು ಚುಚ್ಚಿದೆ, ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದೆ, ನುಡಿಸಿದೆ. ಗೆರೆ ಅಲುಗಲೇ ಇಲ್ಲ. ನನ್ನ ಕೀಬೋರ್ಡ್ ಆ ವಯರಿನಲ್ಲಿ ಶಬ್ದ ಕಳಿಸುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಅದು ಕಳಿಸುವುದು ಮಿಡಿ. ಯಾವ ಮನೆ (ಕೀ) ಒತ್ತಿದೆ, ಯಾವಾಗ ಬಿಟ್ಟೆ, ಎಷ್ಟು ಜೋರಾಗಿ ಒತ್ತಿದೆ ಎಂಬ ಲೆಕ್ಕ ಮಾತ್ರ. ಜೋರಿಗೆ 1ರಿಂದ 127ರವರೆಗೆ ಅಂಕ. ಆಡಾಸಿಟಿ ಮಿಡಿಯನ್ನು ರೆಕಾರ್ಡ್ ಮಾಡುವುದಿಲ್ಲ. ಅದಕ್ಕೆ ರೀಪರ್‌ನಂಥ ಸಾಫ್ಟ್‌ವೇರ್ ಬೇಕು.

ಶಬ್ದಕ್ಕೆ ಬೇರೆ ದಾರಿ, ಹೆಡ್‌ಫೋನ್ ತೂತು. ಅಲ್ಲಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟು ನೋಡಿದೆ. ಸ್ವರ ಒಡೆದು ಬಂತು. ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡಲು ಇರುವ ತೂತು ಅದು, ಕೀಬೋರ್ಡಿನ ಜೋರು ತಡೆಯುವುದಿಲ್ಲ. ಕೊನೆಗೆ ಎರಡು ಲೈನ್ ಇನ್‌ಪುಟ್ ಇರುವ ಸಣ್ಣ ಆಡಿಯೋ ಇಂಟರ್‌ಫೇಸ್ ತಂದೆ, ವಾದ್ಯದ ಶಬ್ದವನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಪೆಟ್ಟಿಗೆ ಅದು. ಕೀಬೋರ್ಡಿನ ಕಡೆ ಒಂದು ಸ್ಟೀರಿಯೋ ಪಿನ್, ಈ ಕಡೆ ಎರಡು ಮೋನೋ ಪಿನ್ ಇರುವ ವೈ ಕೇಬಲ್ ಸಾಕು. ಪಿನ್ ಚುಚ್ಚಿದರೆ ಕೀಬೋರ್ಡಿನ ಸ್ಪೀಕರ್ ನಿಲ್ಲುತ್ತದೆ, ಹಾಗಾಗಿ ಕಿವಿಗೆ ಇಂಟರ್‌ಫೇಸಿನ ಹೆಡ್‌ಫೋನ್. ಕೀಬೋರ್ಡಿನ ವಾಲ್ಯೂಮ್ ಮುಕ್ಕಾಲು. ಅತಿ ಜೋರಿನ ಜಾಗದಲ್ಲೂ ಗೆರೆ ಮೈನಸ್ 6 ಡೆಸಿಬಲ್ ದಾಟದಂತೆ ಇಟ್ಟೆ. ರೆಕಾರ್ಡಿಂಗಿನ ಗುಣಮಟ್ಟ 44,100 ಹರ್ಟ್ಸ್, 24 ಬಿಟ್. ಭಜನೆಗೆ ಇದಕ್ಕಿಂತ ಜಾಸ್ತಿ ಬೇಡ ಅಂತ ನನ್ನ ಅಭಿಪ್ರಾಯ.

ಆದರೂ ಅಡಿಯಲ್ಲಿ ಒಂದು ಗುಂಯ್ ಇತ್ತು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದೆ, ನಿಂತಿತು! ಈಗ ಯಾವಾಗಲೂ ಬ್ಯಾಟರಿಯಲ್ಲೇ ರೆಕಾರ್ಡಿಂಗ್. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗು ಶುರುವಾದರೆ ಕೀಬೋರ್ಡಿನ ಅಡಾಪ್ಟರನ್ನೂ ತೆಗೆದುಬಿಡುತ್ತೇನೆ, ಆ ದಿನದ ಕೆಲಸ ಅಲ್ಲಿಗೇ.

ಹಾಗಾದರೆ ಮಿಡಿ ವಯರು ಸುಮ್ನೆ ಬಿದ್ದಿರಬೇಕಾ? ಇಲ್ಲ. ನನಗೆ ಅದೇ ಹೆಚ್ಚು ಉಪಕಾರಕ್ಕೆ ಬಂದದ್ದು. ಮಂಡಳಿಯ ಗಂಡಸರು ಕಪ್ಪು ಒಂದರ ಶ್ರುತಿಯಲ್ಲಿ, ಅಂದರೆ ಮೊದಲ ಕಪ್ಪು ಮನೆಯನ್ನು ಸ ಮಾಡಿಕೊಂಡು ಹಾಡುತ್ತಾರೆ, ಹೆಂಗಸರು ಕಪ್ಪು ನಾಲ್ಕರಲ್ಲಿ. ಹಾಡು ಒಂದೇ. ಮೊದಲು ಎರಡು ಸಲ ನುಡಿಸುತ್ತಿದ್ದೆ. ಈಗ ಒಮ್ಮೆ ನುಡಿಸಿದ್ದನ್ನು ರೀಪರ್‌ನಲ್ಲಿ ಮಿಡಿಯಾಗಿ ಹಿಡಿದು, ಎಲ್ಲ ಸ್ವರಗಳನ್ನೂ ಕಪ್ಪು, ಬಿಳಿ ಎರಡನ್ನೂ ಎಣಿಸಿ 7 ಮನೆ ಮೇಲೆ ಸರಿಸುತ್ತೇನೆ. ಒಂದು ಸ್ವರ ತಪ್ಪಿದ್ದರೆ ಅದನ್ನಷ್ಟೇ ಎಳೆದು ಸರಿಪಡಿಸಬಹುದು. ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಬೆಂಡ್ ಚಕ್ರದಲ್ಲಿ ಮಾಡಿದ ಜಾರುವಿಕೆಯೂ ದಾಖಲಾಗುತ್ತದೆ. ಅದು ಇಲ್ಲದೆ ನಮ್ಮ ರಾಗಗಳನ್ನು ನುಡಿಸಿದರೆ ಪ್ರಾರ್ಥನೆಯಂತೆ ಕೇಳಿಸುವುದೇ ಇಲ್ಲ, ಅಲ್ವಾ? ಆಮೇಲೆ ಆ ಮಿಡಿಯನ್ನು ಅದೇ ವಯರಿನಲ್ಲಿ ಕೀಬೋರ್ಡಿಗೆ ವಾಪಸ್ ಕಳಿಸುತ್ತೇನೆ. ಕೀಬೋರ್ಡ್ ತಾನಾಗಿ ನುಡಿಯುತ್ತದೆ. ಅದರ ಶಬ್ದವನ್ನು ಇಂಟರ್‌ಫೇಸಿನ ಮೂಲಕ ಹಿಡಿಯುತ್ತೇನೆ.

ಇಲ್ಲೊಂದು ತಪ್ಪು ಮಾಡಿದ್ದೆ. ತಾಳದ ಟ್ರ್ಯಾಕನ್ನೂ ಸೇರಿಸಿ 7 ಮನೆ ಸರಿಸಿದೆ. ಡ್ರಮ್ ಇರುವಲ್ಲಿ ಇನ್ನೇನೋ ಬಡಿಯತೊಡಗಿತು. ತಾಳದಲ್ಲಿ ಒಂದೊಂದು ಮನೆಗೂ ಒಂದೊಂದು ವಾದ್ಯ ಕೂತಿರುತ್ತದೆ. ಮನೆ ಸರಿಸಿದರೆ ವಾದ್ಯವೇ ಬದಲಾಗುತ್ತದೆ. ಸಾಮಾನ್ಯವಾಗಿ ಅದು 10ನೇ ಚಾನೆಲ್‌ನಲ್ಲಿ ಇರುತ್ತದೆ, ಅದನ್ನು ಮುಟ್ಟಬೇಡಿ. ಇನ್ನೊಂದು, ಒಂದೇ ಸ್ವರ ಎರಡೆರಡು ಬಾರಿ ಕೇಳಿಸಿದರೆ ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ, ಆಗ ಒತ್ತಿದ ಮನೆ ನೇರ ನುಡಿಯದೆ ಲ್ಯಾಪ್‌ಟಾಪಿನಿಂದ ವಾಪಸ್ ಬಂದದ್ದು ಮಾತ್ರ ನುಡಿಯುತ್ತದೆ.

ಮೂಲ ಫೈಲನ್ನು ವೇವ್ ಆಗಿಯೇ ಇಡುತ್ತೇನೆ. ಮಂಡಳಿಯವರ ಮೊಬೈಲಿಗೆ ಎಂಪಿ3 ಕಳಿಸುತ್ತೇನೆ. ಫೈಲಿನ ಹೆಸರಲ್ಲೇ ಕಪ್ಪು ಒಂದು, ಕಪ್ಪು ನಾಲ್ಕು ಅಂತ ಬರೆದಿರುತ್ತದೆ. ಯಾರಿಗೆ ಯಾವುದು ಅಂತ ಈಗ ಯಾರೂ ಫೋನ್ ಮಾಡಿ ಕೇಳುವುದಿಲ್ಲ.