ಬಾಗಿಲ ಮುಂದಿನ ಐದು ಅಡಿ: ಆತ್ಮರಕ್ಷಣೆಯ ಕೇಸನ್ನು ಚರ್ಚೆಗಿಡುವ ಬಗೆ (ನನ್ನ ಅನುಭವ)

ಆತ್ಮರಕ್ಷಣೆಯ ಚರ್ಚೆಗೆ ಕಾನೂನು ವಿದ್ಯಾರ್ಥಿಗಳ ಮುಂದೆ ನಾನು ಇಡುವುದು ಅಮೆರಿಕದ ಲೂಸಿಯಾನಾ ರಾಜ್ಯದ ಕೇಸು. 1992ರ ಅಕ್ಟೋಬರ್ 17, ಬ್ಯಾಟನ್ ರೂಜ್. ಜಪಾನಿನಿಂದ ಓದಲು ಬಂದಿದ್ದ 16 ವರ್ಷದ ಯೋಶಿಹಿರೊ ಹತ್ತೋರಿ ಗೆಳೆಯನೊಬ್ಬನ ಜೊತೆ ಹ್ಯಾಲೋವೀನ್ ಪಾರ್ಟಿಗೆ ಹೊರಟು, ವಿಳಾಸ ತಪ್ಪಿ ಬೇರೆಯವರ ಮನೆಗೆ ಹೋದ. ಮನೆಯಾಕೆ ಪಕ್ಕದ ಬಾಗಿಲು ತೆರೆದವಳು ಗಾಬರಿಯಾಗಿ ಮುಚ್ಚಿ, ಗನ್ ತರಲು ಗಂಡನಿಗೆ ಹೇಳಿದಳು. ಹುಡುಗರು ಕಾರಿನತ್ತ ವಾಪಸ್ ಹೊರಟಿದ್ದರು. ಅಷ್ಟರಲ್ಲಿ ಯಜಮಾನ .44 ಮ್ಯಾಗ್ನಮ್ ರಿವಾಲ್ವರ್ ಹಿಡಿದು ಬಾಗಿಲು ತೆರೆದ. ಪಾರ್ಟಿಗೆ ಬಂದಿದ್ದೇವೆ ಎನ್ನುತ್ತ ಹತ್ತೋರಿ ಅವನ ಕಡೆ ಬಂದ. 'ಫ್ರೀಜ್' (ಅಲುಗಾಡಬೇಡ) ಎಂದು ಯಜಮಾನನ ಕೂಗು, ಒಂದೇ ಗುಂಡು, ಹುಡುಗ ಸತ್ತ. ಇಬ್ಬರ ನಡುವೆ ಇದ್ದದ್ದು ಸುಮಾರು 5 ಅಡಿ.

1993ರ ಮೇ ತಿಂಗಳಲ್ಲಿ ಜ್ಯೂರಿ (ತೀರ್ಪು ಕೊಡಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ) ಗುಂಡು ಹಾರಿಸಿದ ಯಜಮಾನನನ್ನು ಖುಲಾಸೆ ಮಾಡಿತು. 1994ರಲ್ಲಿ ಸಿವಿಲ್ ನ್ಯಾಯಾಧೀಶರು ಅದೇ ಮನುಷ್ಯನನ್ನು ಹೊಣೆ ಮಾಡಿ 6.5 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿದರು. ಈ ಕೇಸನ್ನು ನಾನು ಆರಿಸುವುದೇ ಇದಕ್ಕಾಗಿ. ಆದರೆ ಎರಡೂ ತೀರ್ಪುಗಳ ಬಗ್ಗೆ ಮೊದಲ ಒಂದು ಗಂಟೆ ಬಾಯಿ ಬಿಡುವುದಿಲ್ಲ.

ಚರ್ಚೆಗೆ ಒಟ್ಟು 90 ನಿಮಿಷ. ಒಂದೇ ಪುಟದ ಸಂಗತಿಪಟ್ಟಿ ಕೊಡುತ್ತೇನೆ, 15 ನಿಮಿಷ ಯಾರೂ ಅಭಿಪ್ರಾಯ ಹೇಳುವಂತಿಲ್ಲ. ಪಟ್ಟಿಯ ಕ್ರಿಯಾಪದಗಳನ್ನು ತೂಗಿ ನೋಡಿ ಬರೆಯಬೇಕು. 'ಬಂದ' ಎಂದು ಬರೆಯುವ ಕಡೆ 'ನುಗ್ಗಿದ' ಎಂದುಬಿಟ್ಟರೆ ಅರ್ಧ ತೀರ್ಪು ಅಲ್ಲೇ ಮುಗಿಯಿತು. ಹಾಗೆಯೇ ಹುಡುಗನ ಕೈಯಲ್ಲಿದ್ದದ್ದು ಕ್ಯಾಮೆರಾ ಎಂಬುದು ನಮಗೆ ಗೊತ್ತು, ಗುಂಡು ಹಾರಿಸಿದವನಿಗೆ ಆ ಕ್ಷಣ ಗೊತ್ತಿತ್ತೆಂದು ಹೇಳಲಾಗದು. ಆದ್ದರಿಂದ ಪಟ್ಟಿಯಲ್ಲಿ 'ಆಗ ಕಂಡದ್ದು', 'ಆಮೇಲೆ ತಿಳಿದದ್ದು' ಎಂದು ಎರಡು ಕಾಲಂ ಬೇಕೇ ಬೇಕು.

ಆಮೇಲೆ ಟೇಪು ಹಿಡಿದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು ಎಳೆದು, 5 ಅಡಿಗೆ ಇನ್ನೊಂದು ಗೆರೆ ಹಾಕಿಸುತ್ತೇನೆ. ಒಬ್ಬ ಬಾಗಿಲಲ್ಲಿ, ಒಬ್ಬ ಗೆರೆಯ ಮೇಲೆ. ಎರಡು ಹೆಜ್ಜೆ ಇಟ್ಟರೆ ಮುಗಿಯಿತು, ಕೈಗೆ ಕೈ ತಾಗುತ್ತದೆ. 'ಕಾಲಿಗೆ ಹೊಡೆಯಬಹುದಿತ್ತಲ್ಲ' ಎನ್ನುತ್ತಿದ್ದವರು ಇಲ್ಲಿ ಸುಮ್ಮನಾಗುತ್ತಾರೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ಚರ್ಚೆ ಪೂರ್ತಿ ಡಿಫೆನ್ಸ್ ಕಡೆ ವಾಲುತ್ತದೆ. ಹಾಗಾಗಿ ಬಾಗಿಲ ಗೆರೆಯ ಒಳಗಡೆಗೂ ಅವರನ್ನು ಕರೆದೊಯ್ಯಬೇಕು: ಬಾಗಿಲು ಮುಚ್ಚಿತ್ತು, ಹುಡುಗರು ದೂರ ಹೋಗುತ್ತಿದ್ದರು, ಅದನ್ನು ಮತ್ತೆ ತೆರೆದವನು ಗನ್ ಹಿಡಿದವನೇ. ಆ ಐದು ಅಡಿಯ ಇಕ್ಕಟ್ಟನ್ನು ತಂದವರು ಯಾರು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಚರ್ಚೆ ಕೆಡುವುದು ಹೆಚ್ಚಾಗಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಾಗ. ಅವನಿಗೆ ನಿಜವಾಗಿ ಭಯವಾಗಿತ್ತೇ? ಆ ಭಯ ಸಮಂಜಸವೇ? ಆ ಸ್ಥಿತಿಗೆ ಅವನ ನಿರ್ಧಾರದ ಪಾಲೆಷ್ಟು? ಮೂರನ್ನೂ ಬೋರ್ಡಿನ ಮೇಲೆ ಬೇರೆ ಬೇರೆ ಬರೆಸಿ, ಪ್ರತಿ ಮಾತನ್ನೂ ಯಾವುದರ ಕೆಳಗೆಂದು ಕೇಳಿ ಬರೆಯುತ್ತೇನೆ. 'ಅವನು ಒಳ್ಳೆಯವನು' ಎಂಬ ಮಾತಿಗೆ ಮೂರರಲ್ಲೂ ಜಾಗವಿಲ್ಲ. 'ಹುಡುಗ ವಿಳಾಸ ಸರಿಯಾಗಿ ನೋಡಬೇಕಿತ್ತು' ಎಂಬುದಕ್ಕೂ ಇಲ್ಲ. ವಿಳಾಸ ತಪ್ಪುವುದು ಸಾಯಬೇಕಾದ ಅಪರಾಧವಲ್ಲ, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನೊಂದು ಎಡವಟ್ಟು, ಅಲ್ಲಿನ ಕೇಸಿಗೆ ನಮ್ಮ ಕಾನೂನು ಹಚ್ಚುವುದು. ಅಲ್ಲಿ ಆತ್ಮರಕ್ಷಣೆ ಆಗಿರಲಿಲ್ಲ ಎಂದು ಸಂಶಯಾತೀತವಾಗಿ ರುಜುವಾತು ಮಾಡಬೇಕಾದದ್ದು ಪ್ರಾಸಿಕ್ಯೂಷನ್. ಸಿವಿಲ್ ದಾವೆಗೆ ಸಂಭವನೀಯತೆ ಯಾವ ಕಡೆ ಹೆಚ್ಚು ಎಂಬಷ್ಟೇ ಸಾಕು. ಎರಡು ತೀರ್ಪು ಬೇರೆಯಾದದ್ದಕ್ಕೆ ಇದೊಂದು ದೊಡ್ಡ ಕಾರಣ. ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು, ಅಂದರೆ ಹಳೆಯ ದಂಡ ಸಂಹಿತೆಯ 96ರಿಂದ 106. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎನ್ನುತ್ತದೆ 37. ರಕ್ಷಣೆ ಎದುರಿನವನ ಸಾವಿನವರೆಗೂ ಹೋಗಬಹುದಾದ, ಪ್ರಾಣಭಯ, ತೀವ್ರ ಗಾಯದ ಭಯದಂಥ ಸಂದರ್ಭಗಳನ್ನು ಹೆಸರಿಸುತ್ತದೆ 38. ರುಜುವಾತಿನ ಭಾರ ಭಾರತೀಯ ಸಾಕ್ಷ್ಯ ಅಧಿನಿಯಮದ 108ರಂತೆ ಆರೋಪಿಯ ಮೇಲೆ, ಆದರೆ ಸಂಭವನೀಯತೆಯ ಮಟ್ಟಕ್ಕೆ ತೋರಿಸಿದರೆ ಸಾಕು. ಎದುರಿಗಿದ್ದವನು ದಾಳಿಕೋರನೆಂದು ತಪ್ಪು ತಿಳಿದಿದ್ದರೆ ನ್ಯಾಯ ಸಂಹಿತೆಯ 17ನೇ ಕಲಂ ಓದಿಸಬೇಕು, ಸದ್ಭಾವನೆಯಿಂದಾದ ಸಂಗತಿಯ ತಪ್ಪು ತಿಳಿವಳಿಕೆ ಅಲ್ಲಿದೆ. ನಮ್ಮಲ್ಲಿ 'ಸದ್ಭಾವನೆ' ಎಂದರೆ ತಕ್ಕ ಎಚ್ಚರ ವಹಿಸಿದ್ದು ಎಂದೇ ಅರ್ಥ. ಕಿಟಕಿಯಿಂದ ನೋಡಿದನೇ, ಪೊಲೀಸರಿಗೆ ಫೋನ್ ಮಾಡಿದನೇ ಎಂಬ ಪ್ರಶ್ನೆಗಳು ಆಗ ಕಾನೂನಿನ ಪ್ರಶ್ನೆಗಳೇ ಆಗುತ್ತವೆ.

60ನೇ ನಿಮಿಷಕ್ಕೆ ಎರಡೂ ತೀರ್ಪು ಓದಿ, ಪಕ್ಷ ಅದಲುಬದಲು ಮಾಡಿಸುತ್ತೇನೆ. ಕೈ ಎತ್ತಿಸಿ ಮತ ಎಣಿಸುವುದಿಲ್ಲ, ಎಣಿಸಿದರೆ ಗೆಲ್ಲಲೆಂದೇ ಮಾತಾಡುತ್ತಾರೆ. ಕೊನೆಯ ಹತ್ತು ನಿಮಿಷ ಚೀಟಿ: ಯಾವ ಒಂದು ಸಂಗತಿ ಬದಲಾದರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ? ಹೆಸರು ಬರೆಯುವಂತಿಲ್ಲ. ಖಾಲಿ ಚೀಟಿ ಕೊಟ್ಟವರಿದ್ದರೆ ಮುಂದಿನ ತರಗತಿಯಲ್ಲಿ ಸಂಗತಿಪಟ್ಟಿಯಿಂದಲೇ ಮತ್ತೆ ಶುರು ಮಾಡುತ್ತೇನೆ.